ಎರಡರ ಬೆಣೆ, ಮೂರರ ಬೆಣೆ

ನಿನ್ನೆ ಮಾಡಿದ ಕೆಲಸಗಳು ಇವು. ಆರು ಕೊಡ ನೀರು ಹಿಡಿದೆ. ಹಾಲು ಕಾಯಿಸಿದೆ, ಎಂದಿನಂತೆ ಒಂದು ಚೂರು ಉಕ್ಕಿಸಿದೆ. ಶುಂಠಿ ಜಜ್ಜುವ ಗುಂಡುಕಲ್ಲಿಗಾಗಿ ಅಡುಗೆಮನೆಯನ್ನೆಲ್ಲ ಹುಡುಕಿದೆ. ಅದು ಅತ್ತೆಯ ದಿಂಬಿನ ಪಕ್ಕದಲ್ಲಿ ಸಿಕ್ಕಿತು. ಇಸ್ತ್ರಿಗೆ ಹನ್ನೊಂದು ಬಟ್ಟೆ ಕೊಟ್ಟೆ. ನುಗ್ಗೆಸೊಪ್ಪು ಬಿಡಿಸಿದೆ. ಅತ್ತೆಯ ಮಂಚದ ಕೆಳಗೆ ಗುಡಿಸಿದೆ. ಗುಡಿಸುವಾಗ ಕಂಡದ್ದನ್ನು ಯಾರಿಗೂ ಹೇಳದೆ ಎದ್ದು ಬಂದೆ. ಬಡಗಿ ಏಳುಮಲೈ ಆಸಾರಿಯವರಿಗೆ ಫೋನ್ ಮಾಡಿ, ನಾಳೆ ಬರುವುದು ಬೇಡ ಎಂದೆ. ಮೂಲಂಗಿ ತಂದೆ.

ಇಷ್ಟನ್ನೂ ಬರೆದಿಟ್ಟಿರುವುದು ನಿನ್ನೆಯ ಹಾಳೆಯ ಬೆನ್ನಿನ ಮೇಲೆ. ಮದರಾಸಿನ ನಮ್ಮ ಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್ ಇದೆ. ಮುಂಬದಿಯಲ್ಲಿ ರಾಹುಕಾಲ, ಯಮಗಂಡ, ಹಿಂಬದಿ ಖಾಲಿ. ಅಲ್ಲಿ ನಾನು. ಬೆಳಿಗ್ಗೆ ಹಾಳೆ ಹರಿದ ಮೇಲೆ ಹಿಂದಿನ ದಿನ ಏನೇನಾಯಿತು, ಏನು ತಿಂದೆವು, ಯಾರು ಮೊದಲು ಮಲಗಿದರು ಎಂದು ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕುವುದು ಇಪ್ಪತ್ತಾರು ವರ್ಷದ ಅಭ್ಯಾಸ. ನಮ್ಮ ಯಜಮಾನರು ಅದಕ್ಕೆ "ಗಿರಿಜಮ್ಮನವರ ಗೆಜೆಟ್ಟು" ಎಂದು ಹೆಸರಿಟ್ಟಿದ್ದಾರೆ. ಇಡಲಿ. ಹೋದ ದೀಪಾವಳಿಗೆ ಗ್ಯಾಸ್ ಲೈಟರ್ ಎಲ್ಲಿಟ್ಟೆವು ಎಂದು ಕೇಳುವಾಗ ಅವರೂ ಈ ಗೆಜೆಟ್ಟಿಗೇ ಬರುತ್ತಾರೆ.

ನಿನ್ನೆಯ ಹಾಳೆ ಮಾತ್ರ ಸಾಲದೆ ಬಂತು. ಅದಕ್ಕೇ ಇದನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಕಾರಣ, ಬೆರಳುದ್ದದ ಒಂದು ಮರದ ಬೆಣೆ. ಅವಸರದಲ್ಲಿ ಬೆಣ್ಣೆ ಎಂದು ಓದಿಕೊಳ್ಳಬೇಡಿ. ನನ್ನ ಮಗಳು ಹಾಗೆ ಕೇಳಿಸಿಕೊಂಡೇ ಒಮ್ಮೆ ಫ್ರಿಜ್ಜಿನ ಬಾಗಿಲು ತೆಗೆದಿದ್ದಳು.

ಬೆಣೆಯನ್ನು ನಾನು ಮೊದಲು ಕಂಡದ್ದು ಕಡೂರಿನಲ್ಲಿ, ನಮ್ಮ ಸ್ಕೂಲಿನ ಹಿಂದಿನ ಬೀದಿಯ ರುದ್ರಾಚಾರ್ರ ಕೊಟ್ಟಿಗೆಯಲ್ಲಿ. ಕೊಟ್ಟಿಗೆ ಎಂದರೆ ದನವಿಲ್ಲ. ಮರ, ಉಳಿ, ಗರಗಸ, ಕಿವಿಯ ಮೇಲೊಂದು ಪೆನ್ಸಿಲ್ಲು, ಆ ಪೆನ್ಸಿಲ್ಲನ್ನು ದಿನವಿಡೀ ಹುಡುಕುವ ರುದ್ರಾಚಾರ್ರು. ನಾವು ಹುಡುಗಿಯರು ಅಲ್ಲಿಗೆ ಹೋಗುತ್ತಿದ್ದುದು ಮರ ಹೆರೆದಾಗ ಬೀಳುವ ಸುರುಳಿಗಾಗಿ. ಹಲಸಿನದಾದರೆ ಹಳದಿ ಸುರುಳಿ, ತೇಗದ್ದಾದರೆ ಕಂದು. ಕಿವಿಗೆ ಸಿಕ್ಕಿಸಿಕೊಂಡರೆ ಲೋಲಾಕು, ಕೈಗೆ ಸುತ್ತಿಕೊಂಡರೆ ಬಳೆ. ಮನೆ ಸೇರುವಷ್ಟರಲ್ಲಿ ಮುರಿದು ಜಡೆಯಲ್ಲೆಲ್ಲ ಪುಡಿ. ಅಮ್ಮ ತಲೆ ಬಾಚುವಾಗ, "ಇದೇನೇ, ತಲೆ ತುಂಬ ಮರದ ಹೊಟ್ಟು! ಒಳಗಿರೋದು ಹೊರಕ್ಕೆ ಬರ್ತಿದೆಯಾ?" ಎನ್ನುತ್ತಿದ್ದಳು.

ಆ ಆಚಾರ್ರಿಗೆ ಮೊಳೆ ಕಂಡರಾಗದು. "ಮೊಳೆ ಹೊಡೆಯೋನು ಅವಸರದೋನು ಕಣ್ ಮಗ. ಮರಕ್ಕೆ ಮರವೇ ನೆಂಟ, ಕಬ್ಬಿಣ ಅಲ್ಲ" ಎನ್ನುತ್ತಿದ್ದರು. ಅವರು ಮಾಡುತ್ತಿದ್ದುದು ಕಚ್ಚು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಂಥ ಬ್ರಹ್ಮವಿದ್ಯೆಯೇನಲ್ಲ. ಮಂಚದ ಕಾಲಿನಲ್ಲಿ ಚೌಕನೆಯ ಒಂದು ತೂತು. ಪಕ್ಕದ ಪಟ್ಟಿಯ ತುದಿಯನ್ನು ತೆಳ್ಳಗೆ ಕೆತ್ತಿ ಒಂದು ನಾಲಿಗೆ. ನಾಲಿಗೆ ತೂತಿನೊಳಗೆ ಹೊಕ್ಕು ಆ ಕಡೆಯಿಂದ ಹೊರಗೆ ಇಣುಕುತ್ತದೆ. ಇಣುಕಿದ ನಾಲಿಗೆಯಲ್ಲೇ ಇನ್ನೊಂದು ಪುಟ್ಟ ತೂತು; ಅದಕ್ಕೆ ಮೇಲಿನಿಂದ ಬೆಣೆ ಇಳಿಸಿ ಎರಡು ಏಟು ಕೊಟ್ಟರೆ ಆಯಿತು. ಆನೆ ಮಲಗಿದರೂ ಅಲುಗದು. ಮನೆ ಬದಲಾಯಿಸಬೇಕೇ, ಕೆಳಗಿನಿಂದ ಎರಡು ಏಟು ಕೊಡಿ, ಬೆಣೆ ಎದ್ದು ಬರುತ್ತದೆ, ಮಂಚ ಕಟ್ಟಿಗೆಯ ಹೊರೆಯಂತೆ ಬಿಚ್ಚಿಕೊಳ್ಳುತ್ತದೆ.

ಈಗ ನಾನು ಇದನ್ನು ಗಂಡಹೆಂಡತಿಯ ಸಂಬಂಧಕ್ಕೆ ಹೋಲಿಸುತ್ತೇನೆ ಎಂದು ನೀವು ಕಾದು ಕೂತಿದ್ದರೆ, ಇಲ್ಲ. ಮದುವೆಮನೆಯಲ್ಲಿ ಭಾಷಣ ಮಾಡುವವರಿಗೂ ಏನಾದರೂ ಉಳಿಯಲಿ.

ಆಚಾರ್ರು ಕಚ್ಚು ಕೂರಿಸುವಾಗ ನಮ್ಮನ್ನು ಕರೆದು, "ಕಿವಿಗೊಟ್ಟು ಕೇಳ್ರೇ" ಎನ್ನುತ್ತಿದ್ದರು. ಕೊಡತಿಯ ಏಟಿಗೆ "ಟಪ್" ಎಂದರೆ ಸಡಿಲ. "ಹೂಂ" ಎಂದರೆ ಸರಿಯಾಗಿ ಕೂತಿದೆ. ಮರ ಹೂಂಗುಟ್ಟುವುದನ್ನು ನಾನು ಕೇಳಿದ್ದೇನೆ ಎಂದರೆ ನನ್ನ ಮಗಳು ನಂಬುವುದಿಲ್ಲ. ಕೇಳಿ ಬಂದ ಸಂಜೆಯೇ ನಾನು ಅಡುಗೆಮನೆಯಲ್ಲಿ ಕೂತು ಮೂಲಂಗಿಯಲ್ಲಿ ಚೌಕ ತೂತು ಕೊರೆದು, ಕ್ಯಾರೆಟ್ಟಿಗೆ ನಾಲಿಗೆ ಕೆತ್ತಿ, ಗೊಂಬೆಗೊಂದು ಮಂಚ ಮಾಡಲು ಹೊರಟೆ. ಬೆಣೆಗೆ ತೆಂಗಿನಕಾಯಿ ಚೂರು. ಮೂರು ಕಾಲು ನಿಂತವು, ನಾಲ್ಕನೆಯದು ಸೀಳಿತು. ಅಮ್ಮ ಬೈಯುತ್ತಲೇ ಇಡೀ ಮಂಚವನ್ನು ಹುಳಿಗೆ ಹಾಕಿದಳು. ಅಪ್ಪ ಊಟಕ್ಕೆ ಕೂತು, "ಇದೇನು, ಇವತ್ತು ಹೋಳೆಲ್ಲ ಚೌಕ?" ಎಂದರು.

ಈ ಹುಚ್ಚು ಇನ್ನೂ ಪೂರ್ತಿ ಬಿಟ್ಟಿಲ್ಲ. ಊರಿನಿಂದ ನೆಂಟರು ಬಂದಾಗ ಎಗ್ಮೋರಿನ ಮ್ಯೂಸಿಯಂಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಒಮ್ಮೆ ಅವರೆಲ್ಲ ಕಂಚಿನ ವಿಗ್ರಹಗಳ ಮುಂದೆ ನಿಂತು ಕೈಮುಗಿಯಲೋ ಬೇಡವೋ ಎಂದು ಯೋಚಿಸುವಾಗ, ನಾನು ಒಂದು ಹಳೆಯ ಮರದ ಪೆಟ್ಟಿಗೆಯ ಕೆಳಗೆ ಬಗ್ಗಿ ಅದರ ಮೂಲೆ ಹೇಗೆ ಕೂಡಿದೆ ಎಂದು ನೋಡುತ್ತಿದ್ದೆ. ಕಾವಲಿನವರು ಬಂದು, "ಏನಮ್ಮಾ, ಕಮ್ಮಲು ಬಿತ್ತಾ?" ಎಂದು ಅಕ್ಕರೆಯಿಂದ ಕೇಳಿ, ತಾವೂ ಬಗ್ಗಿ ಹುಡುಕಲು ಶುರುಮಾಡಿದರು. ಕಿವಿಯಲ್ಲಿ ಎರಡೂ ಓಲೆ ಇಟ್ಟುಕೊಂಡ ನಾನು ನಾಚಿಕೆಯಿಂದ ಐದು ನಿಮಿಷ ಅವರ ಜೊತೆ ಹುಡುಕಿದೆ.

ಅದಿರಲಿ. ಅತ್ತೆಯ ಮಂಚಕ್ಕೆ ಬರುತ್ತೇನೆ.

ನಮ್ಮ ಅತ್ತೆಗೆ ಎಂಬತ್ತೊಂದು. ಹಲಸಿನ ಮರದ ಆ ಮಂಚ ಅವರ ಮದುವೆಗೆಂದು ಅರಸೀಕೆರೆಯಲ್ಲಿ ಮಾಡಿಸಿದ್ದು. ಅವರು ನಮ್ಮ ಜೊತೆ ಇರಲು ಮದರಾಸಿಗೆ ಬಂದು ಹದಿನೆಂಟು ವರ್ಷವಾಯಿತು. ಬಂದಾಗ ತಂದದ್ದು ಎರಡು: ವಿಭೂತಿ ಡಬ್ಬಿ, ಈ ಮಂಚ. ಅದರ ನಾಲ್ಕು ಮೂಲೆಗೆ ನಾಲ್ಕು ಬೆಣೆ. ಮಾಡಿದ ಪುಣ್ಯಾತ್ಮ ಪ್ರತಿ ಬೆಣೆಯ ಮೇಲೂ, ಅದು ಸೇರಬೇಕಾದ ಕಾಲಿನ ಮೇಲೂ ಉಳಿಯಿಂದ ಅಂಕಿ ಕೆತ್ತಿದ್ದಾನೆ: ೧, ೨, ೩, ೪. ತಲೆದೆಸೆಗೆ ಒಂದು ಮತ್ತು ನಾಲ್ಕು, ಕಾಲ್ದೆಸೆಗೆ ಎರಡು ಮತ್ತು ಮೂರು. ಕೈಯಿಂದ ಮಾಡಿದ ಬೆಣೆ, ಒಂದರ ಹಾಗೆ ಇನ್ನೊಂದಿಲ್ಲ. ಅದರದರ ಮನೆಗೆ ಅದದೇ ಹೋಗಬೇಕು.

ನನ್ನ ಮಗಳು ಚೈತ್ರ ಕನ್ನಡ ಅಂಕಿ ಕಲಿತದ್ದು ಈ ಮಂಚದ ಕೆಳಗೆ. ಇಲ್ಲೇ ತಮಿಳು ಸ್ಕೂಲಿನಲ್ಲಿ ಓದಿದವಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಸಿಟ್ಟು ಬಂದರೆ ಇಂಗ್ಲಿಷು. ಆರು ವರ್ಷದವಳಿದ್ದಾಗ ಮಧ್ಯಾಹ್ನ ಮಂಚದ ಕೆಳಗೆ ಅಂಗಾತ ಮಲಗಿ ಆ ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದಳು. ಮೇಲಿನಿಂದ ಅತ್ತೆ, "ಅದು ಎಷ್ಟೇ?" ಎನ್ನುವರು. ಕೆಳಗಿನಿಂದ, "ಮೂರು ಅಜ್ಜಿ." ಹಾಗಾಗಿ ಅವಳಿಗೆ ನಾಲ್ಕರವರೆಗೆ ಬರುತ್ತದೆ. ಐದಕ್ಕೆ ಬೇರೆ ಮಂಚ ಬೇಕು.

ಪೆರಂಬೂರಿನ ಈಗಿನ ಮನೆಗೆ ಬಂದದ್ದು ಆರು ವರ್ಷದ ಹಿಂದೆ. ಮಂಚ ಬಿಚ್ಚಿದವರು ಲಾರಿಯವರು, ಜೋಡಿಸಿದವರು ನಮ್ಮ ಯಜಮಾನರು. ಎಣ್ಣೂರಿನ ಕಡೆ ಕಾರ್ಖಾನೆಯಲ್ಲಿ ಇಂಜಿನಿಯರು; ಅಂಥವರು ನಾಲ್ಕು ಬೆಣೆಗೆ ಆಳು ಕರೆಯುತ್ತಾರೆಯೇ? ತೋಳು ಮಡಿಸಿ, ಕನ್ನಡಕ ಹಣೆಗೇರಿಸಿ, ಒಂದು ಗಂಟೆ ಬಡಿದು, ಬೆವರೊರೆಸಿಕೊಂಡು, "ಆಯ್ತಮ್ಮ, ಮಲಗಿ ನೋಡಿ" ಎಂದರು. ಅತ್ತೆ ಮಲಗಿದರು. ಮಗ್ಗುಲಾದರು. ಮಂಚ "ಕಿರ್ರ್" ಎಂದಿತು.

"ಹೊಸ ಮನೆ, ಹೊಂದಿಕೊಳ್ಳುತ್ತೆ" ಎಂದರು ಇವರು. ಹೊಂದಿಕೊಂಡದ್ದು ನಾವು.

ಈ ಕಿರ್ರ್ ನನಗೆ ಬೇಕಾದದ್ದು ಹೋದ ವರ್ಷದಿಂದ. ಅತ್ತೆ ನಸುಕಿಗೆ ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂರುವವರು. ಒಂದು ದಿನ ಹಾಗೆ ಎದ್ದವರು ಪ್ಯಾಸೇಜಿನಲ್ಲಿ ಜಾರಿ ಬಿದ್ದರು. ನಾನು ಎದ್ದು ಬಂದದ್ದು ಐದೂವರೆಗೆ. ಅಷ್ಟು ಹೊತ್ತೂ ತಣ್ಣನೆಯ ನೆಲದ ಮೇಲೆ, ಮುರಿದ ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡು, ಗೋಡೆಗೊರಗಿ ಕೂತಿದ್ದರು.

"ಯಾಕೆ ಕೂಗಲಿಲ್ಲ ಅತ್ತೆ?" ಎಂದರೆ, "ನೀವೆಲ್ಲ ಮಲಗಿದ್ರಲ್ಲಮ್ಮ" ಎಂದರು. ನೆಂಟರ ಮನೆಗೆ ಬೇಗ ಬಂದುಬಿಟ್ಟವರ ಧಾಟಿಯಲ್ಲಿ.

ಒಬ್ಬರೇ ಏಳಕೂಡದು ಎಂದು ಡಾಕ್ಟರು ಹೇಳಿದರು. ಅತ್ತೆ ತಲೆಯಾಡಿಸಿದರು. ಇವರು ಹಿತ್ತಾಳೆಯ ಗಂಟೆಯೊಂದನ್ನು ತಂದು ಮಂಚದ ಪಕ್ಕ ಇಟ್ಟರು. ಮರುದಿನ ಅದು ದೇವರ ಗೂಡಿನಲ್ಲಿತ್ತು. "ಗಂಟೆ ಬಾರಿಸೋದು ದೇವರಿಗೆ. ಸೊಸೆಗೆ ಬಾರಿಸ್ತಾರೇನೋ?" ಚೈತ್ರ ಒತ್ತಿದರೆ ಹಾಡುವ ಒಂದು ಬೆಲ್ಲು ತಂದಳು. ಅದರ ಬ್ಯಾಟರಿ ಒಂದೇ ವಾರದಲ್ಲಿ ಗೋಡೆ ಗಡಿಯಾರದೊಳಗೆ ಪತ್ತೆಯಾಯಿತು. ಅದೇ ಕೋಣೆಯಲ್ಲಿ ಮಲಗುವ ಚೈತ್ರಳನ್ನು ನಂಬುವ ಹಾಗಿಲ್ಲ. ಶೋಳಿಂಗನಲ್ಲೂರಿನ ಆಫೀಸಿನಿಂದ ಕ್ಯಾಬಿನಲ್ಲಿ ಬಂದು, ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಬಿದ್ದರೆ, ಮಂಚದ ಪಕ್ಕ ಮಂಗಳವಾದ್ಯ ಊದಿದರೂ ಏಳಳು.

ಉಳಿದದ್ದು ಕಿರ್ರ್. ನಮ್ಮ ಕೋಣೆಗೂ ಅತ್ತೆಯ ಕೋಣೆಗೂ ಒಂದೇ ಗೋಡೆ. ಸಣ್ಣ ಕಿರ್ರ್ ಆದರೆ ಮಗ್ಗುಲು. ಉದ್ದದ ಕಿರ್ರ್, ಆಮೇಲೊಂದು ಸಣ್ಣ ಕಟ್ ಆದರೆ ಎದ್ದು ಕೂತರು. ಆ ಕಟ್ ಕೇಳಿದೊಡನೆ ನಾನು ಎದ್ದು ಪ್ಯಾಸೇಜಿನ ಲೈಟು ಹಾಕಿ, ಗೀಸರ್ ಹಾಕಿ, ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿರುತ್ತಿದ್ದೆ.

"ಎದ್ದ್ಯಾ?" ಅತ್ತೆ ಕೇಳುವರು.

"ನೀರು ಕುಡಿಯೋಣ ಅಂತ, ಅತ್ತೆ."

ಅವರು ಸ್ನಾನಕ್ಕೆ ಹೋಗಿ ಬಂದು ಮಣೆಯ ಮೇಲೆ ಕೂರುವವರೆಗೂ ನಾನು ನೀರು ಕುಡಿಯುತ್ತಿದ್ದೆ. ವರ್ಷಪೂರ್ತಿ ಕುಡಿದಿದ್ದೇನೆ. ಹೀಗೆ ಕಿವಿಯಿಟ್ಟು ಮಲಗುತ್ತೇನೆ ಎಂದು ಯಾರಿಗೂ ಹೇಳಿರಲಿಲ್ಲ; ಹೇಳಿದರೆ ಅತ್ತೆ ನೆಲದ ಮೇಲೆ ಮಲಗಿಬಿಡುವ ಪೈಕಿ.

ಹೀಗಿರುವಾಗ ಚೈತ್ರಳಿಗೆ ಅಜ್ಜಿಯ ಮೇಲೆ ಪ್ರೀತಿ ಉಕ್ಕಿತು. ವಾರಕ್ಕೆ ಎರಡು ದಿನ ಅವಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಒಂದು ಮಧ್ಯಾಹ್ನ ಅವಳ ಮೀಟಿಂಗ್ ನಡೆಯುವಾಗ ಅತ್ತೆ ಮಗ್ಗುಲಾದರಂತೆ. ಆ ಕಡೆಯ ಯಾರೋ, ನಿಮ್ಮನೆಯಲ್ಲಿ ಉಯ್ಯಾಲೆ ಇದೆಯಾ ಎಂದರಂತೆ.

"ಅಜ್ಜಿ, ಮೀಟಿಂಗ್‌ಲ ಎಲ್ಲಾರುಕ್ಕುಂ ಕೇಕ್ಕುದು!" ಎಂದಳು, ಎಲ್ಲರಿಗೂ ಕೇಳಿಸುತ್ತದೆ ಎಂದು.

"ಕೇಳಲಿ ಬಿಡೇ. ಮನೇಲಿ ಹಿರಿಯರಿದಾರೆ ಅಂತ ಗೊತ್ತಾಗಲಿ" ಎಂದು ಅತ್ತೆ ನಕ್ಕರು. ಆಮೇಲೆ ನನ್ನ ಕಡೆ ನೋಡಿ, "ಸರಿಮಾಡಿಸಿಬಿಡು ಗಿರಿಜಾ. ಪಾಪ, ನಿನ್ನ ನಿದ್ದೆಗೂ ತೊಂದರೆ" ಎಂದರು. ಬೇಡ ಎನ್ನಲು ನನ್ನ ಬಳಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ.

ಚೈತ್ರ ಮೊಬೈಲಿನಲ್ಲಿ ಯಾವುದೋ ಆಪ್ ಒತ್ತಿ ಬಡಗಿಯೊಬ್ಬರನ್ನು ಕರೆಸಿದಳು. ಟೀಶರ್ಟು ಹಾಕಿದ ಆಸಾಮಿ, ಕೈಯಲ್ಲಿ ಡ್ರಿಲ್ಲಿಂಗ್ ಮಶೀನು, ಜೇಬು ತುಂಬ ಕಬ್ಬಿಣದ ಪಟ್ಟಿ. ನಾಲ್ಕು ಮೂಲೆಗೆ ನಾಲ್ಕು ಪಟ್ಟಿ ಹೊಡೆದರೆ ಹತ್ತು ನಿಮಿಷದ ಕೆಲಸ ಎಂದು ಹಲಸಿನ ಮರಕ್ಕೆ ಮಶೀನು ಹಿಡಿದೇಬಿಟ್ಟರು. ನನಗೆ ಎಲ್ಲಿತ್ತೋ ರುದ್ರಾಚಾರ್ರ ಆವೇಶ! ಅಡ್ಡ ನಿಂತು, "ಮೊಳೆ ವೇಂಡಾಂ! ಮೊಳೆ ವೇಂಡಾಂ!" ಎಂದು ಕೂಗಿದೆ.

ಆತ ಮಶೀನು ಇಳಿಸಿ ನನ್ನನ್ನೇ ನೋಡಿದರು. "ಮೂಳೈ ವೇಂಡಾಮಾ?" ಎಂದು ತಮ್ಮ ತಲೆ ಮುಟ್ಟಿಕೊಂಡರು.

ಚೈತ್ರ ನಗು ತಡೆಯಲಾರದೆ ಸೋಫಾ ಹಿಡಿದುಕೊಂಡಳು. "ಅಮ್ಮಾ! ಮೂಳೈನಾ ಬ್ರೈನ್! ಆಣಿನು ಸೊಲ್ಲು, ಆಣಿ!"

ಇಪ್ಪತ್ತಾರು ವರ್ಷ ಈ ಊರಿನಲ್ಲಿ ತರಕಾರಿ ಕೊಂಡಿದ್ದೇನೆ, ಜಗಳವಾಡಿದ್ದೇನೆ, ಪಕ್ಕದ ಮನೆಯ ಸೀಮಂತದಲ್ಲಿ ಹಾಡಿದ್ದೇನೆ. ಗಾಬರಿಯಾದರೆ ಮಾತ್ರ ಕಡೂರು ಹೊರಗೆ ಬರುತ್ತದೆ. ತಮಿಳಿನಲ್ಲಿ ಮೊಳೆಗೆ ಆಣಿ ಎನ್ನುತ್ತಾರೆ; ನನಗೆ ಆಣಿ ಎಂದರೆ ಈಗಲೂ ಅಂಗಾಲಿನಲ್ಲಿ ಏಳುವುದೇ. ಮಿದುಳು ಬೇಡವೆಂದ ಗಿರಾಕಿಯನ್ನು ಕಂಡು ಆ ಮನುಷ್ಯ ಮಶೀನು ಸುತ್ತಿಕೊಂಡು ಹೊರಟರು. ಹೋಗುವಾಗ ಒಳ್ಳೆಯ ಮಾತೇ ಹೇಳಿದರು: ಇದು ಹಳೆಯ ಆಸಾರಿಗಳ ಕೆಲಸ, ನನಗೆ ಬಾರದು.

ಏಳುಮಲೈ ಆಸಾರಿಯವರನ್ನು ಹೇಳಿದ್ದು ನಮ್ಮ ಇಸ್ತ್ರಿ ಗಾಡಿಯವರು. ಹೋದ ಭಾನುವಾರ ಬಂದರು. ಅರವತ್ತು ದಾಟಿದವರು, ಬಿಳಿ ಮೀಸೆ, ಮಡಿಸಿ ಕಟ್ಟಿದ ಲುಂಗಿ, ಕಿವಿಯ ಮೇಲೆ ಪೆನ್ಸಿಲ್ಲು. ಪೆನ್ಸಿಲ್ಲು ಕಂಡೇ ನಾನು ಕಾಫಿಗೆ ಡಿಕಾಕ್ಷನ್ ಗಟ್ಟಿ ಇಳಿಸಿದೆ. ಅವರು ಯಾವ ಸಾಮಾನೂ ಹೊರಗೆ ತೆಗೆಯಲಿಲ್ಲ. ಮಂಚವನ್ನು ಒಂದು ಸುತ್ತು ಬಂದರು, ಕಾಲ್ದೆಸೆಯಲ್ಲಿ ಕುಕ್ಕರಗಾಲಲ್ಲಿ ಕೂತರು, ಒಂದು ಬೆಣೆಯನ್ನು ಎರಡೇ ಬೆರಳಲ್ಲಿ ಎಳೆದರು. ಅದು ಹಲ್ಲುಜ್ಜುವ ಬ್ರಶ್ಶಿನಂತೆ ಬಂದುಬಿಟ್ಟಿತು. ಪಕ್ಕದ್ದನ್ನು ನೋಡಿದರು, ಅದು ಒಳಗೆ ಇಳಿಯದೆ ಒಂದಂಗುಲ ಮೇಲೆ ನಿಂತಿತ್ತು, ತಲೆ ಚಚ್ಚಿತ್ತು.

"ಇದು ಯಾರು ಮಾಟ್ಟಿನಾಂಗ?" ಎಂದರು. ಯಾರು ಜೋಡಿಸಿದ್ದು?

ಮನೆಯಲ್ಲಿ ಎಲ್ಲರೂ ಇವರ ಕಡೆ ನೋಡಿದೆವು. ಇವರು ಪೇಪರಿನ ಕಡೆ ನೋಡಿದರು.

"ಆಪ್ಪು ಮಾತ್ತಿ ಪೋಟ್ಟಿರುಕ್ಕು."

"ಆಪ್?" ಚೈತ್ರ ಮೊಬೈಲಿನಿಂದ ತಲೆಯೆತ್ತಿದಳು.

ಆಪ್ಪು ಎಂದರೆ ಬೆಣೆ. ಎರಡು ಬೆಣೆ ಅದಲುಬದಲಾಗಿದೆ ಎಂದು ಆಸಾರಿಯವರ ಮಾತು. ಅವರಿಗೆ ಕನ್ನಡ ಅಂಕಿ ಬಾರದು. ಆದರೆ ಬೆಣೆಯ ಮೇಲಿನ ಚಿತ್ರಕ್ಕೂ ಕಾಲಿನ ಮೇಲಿನ ಚಿತ್ರಕ್ಕೂ ತಾಳೆಯಿಲ್ಲ ಎಂದು ಕಣ್ಣಿಗೇ ಕಂಡಿತ್ತು. ಚೈತ್ರ ಬಂದು ಕೂತು ಬೆರಳಿಟ್ಟಳು. "ಅಪ್ಪಾ! ಇದು ಮೂರು. ಇದು ಎರಡು. ನೀವು ಎರಡರ ಮನೇಲಿ ಮೂರು ಹಾಕಿದೀರ!" ಅಚ್ಚ ಕನ್ನಡದಲ್ಲಿ ಅಷ್ಟುದ್ದದ ಮಾತು ಅವಳ ಬಾಯಿಂದ ಬಂದು ಯಾವ ಕಾಲವಾಗಿತ್ತೋ.

"ಎರಡಕ್ಕೂ ಮೂರಕ್ಕೂ ಒಂದು ಬಾಲ ತಾನೇ ವ್ಯತ್ಯಾಸ! ಅದರಲ್ಲೂ ಧೂಳು ತುಂಬಿತ್ತು" ಎಂದರು ಇವರು.

"ಕನ್ನಡ ಮೀಡಿಯಮ್ಮು" ಎಂದರು ಅತ್ತೆ, ಬತ್ತಿ ಹೊಸೆಯುತ್ತಾ. "ಜಿಲ್ಲೆಗೇ ಎರಡನೇ ಸ್ಥಾನ. ಮೂರನೇದೋ ಏನೋ, ಸರಿಯಾಗಿ ನೋಡಬೇಕಿತ್ತು."

ಆಸಾರಿಯವರು ಬೆಣೆಗಳನ್ನು ಅವುಗಳ ಮನೆಗೆ ಸೇರಿಸಿ, ಮರದ ಸುತ್ತಿಗೆಯಿಂದ ಮೂರು ಏಟು ಕೊಟ್ಟರು. ಟಪ್. ಟಪ್. ಹೂಂ. ಕೇಳಿತು, ಸುಳ್ಳಲ್ಲ. ನಲವತ್ತು ವರ್ಷದ ಮೇಲೆ ಆ ಹೂಂ ಕೇಳಿ ನನಗೆ ಕಣ್ಣು ತುಂಬಿ ಬಂತು. ಡಿಕಾಕ್ಷನ್ ಹಬೆ ಎಂದೆ. ಅತ್ತೆ ಮಲಗಿ ನೋಡಿದರು. ಮಗ್ಗುಲಾದರು. ಎದ್ದು ಕೂತರು. ಮಂಚ ತುಟಿ ಬಿಚ್ಚಲಿಲ್ಲ.

"ಅಯ್ಯೋ ಶಿವನೆ," ಎಂದರು ಅತ್ತೆ, "ನಾನು ಇದೀನೋ ಇಲ್ವೋ ಅನ್ನೋ ಹಂಗಾಯ್ತಲ್ಲ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆ ವಾರದ ಹಾಳೆಗಳನ್ನು ತೆಗೆದು ನೋಡಿದರೆ, ಮೊದಲು ಮಲಗಿದವರು ಎಂಬಲ್ಲಿ ಬೇರೆಬೇರೆ ಹೆಸರಿದೆ, ಕೊನೆಗೆ ಮಲಗಿದವಳು ದಿನವೂ ಗಿರಿಜ. ನಸುಕಿನಲ್ಲಿ ನಾಲ್ಕಕ್ಕೇ ಎಚ್ಚರವಾಗಿ ಗೋಡೆಗೆ ಕಿವಿಯಿಟ್ಟರೆ ಸುಣ್ಣದ ಸದ್ದೂ ಇಲ್ಲ. ಅಲಾರಂ ಇಡಬಾರದೇ ಎನ್ನುತ್ತೀರಿ. ಇಟ್ಟೆ. ಅಲಾರಂಗೆ ಮೊದಲೇ ಅತ್ತೆ ಎದ್ದುಬಿಟ್ಟಿದ್ದರೆ? ನಾನು ಮೆಲ್ಲಗೆ ಹೋಗಿ ಬಾಗಿಲ ಸಂದಿಯಲ್ಲಿ ಇಣುಕುವುದು, ಬಂದು ಮಲಗುವುದು, ಮತ್ತೆ ಹೋಗುವುದು. ಮಂಗಳವಾರ ಬೆಳಿಗ್ಗೆ ಎದ್ದಾಗ ಅತ್ತೆ ಆಗಲೇ ಸ್ನಾನ ಮುಗಿಸಿ, ಒದ್ದೆ ಕಾಲಿನಲ್ಲಿ, ಲೈಟು ಹಾಕದ ಪ್ಯಾಸೇಜಿನಲ್ಲಿ ಗೋಡೆ ಹಿಡಿದು ಬರುತ್ತಿದ್ದರು. ಹೋದ ವರ್ಷ ಬಿದ್ದ ಜಾಗದಲ್ಲೇ. ಲೈಟು ಹಾಕಲು ಓಡುವಾಗ ನನ್ನ ಕೈಯ ಲೋಟದ ನೀರು ಚೆಲ್ಲಿತು. ಅದನ್ನು ಒರೆಸುವುದು ಬೇರೆ ಗಾಬರಿ.

ಬುಧವಾರ ಸಿಕ್ಕಿಬಿದ್ದೆ. ಸಂದಿಯಲ್ಲಿ ಇಣುಕುತ್ತಿರುವಾಗ ಕತ್ತಲೆಯಿಂದ ಮಾತು ಬಂತು.

"ಏನಮ್ಮಾ, ಉಸಿರಾಡ್ತಿದೀನಾ ಅಂತ ನೋಡೋಕೆ ಬಂದ್ಯಾ?"

"ಇಲ್ಲ ಅತ್ತೆ... ಚೈತ್ರ ಹೊದ್ದುಕೊಂಡಿದಾಳಾ ಅಂತ."

"ಈ ಚಿತ್ತಿರೈ ತಿಂಗಳ ಸೆಕೇಲಿ?"

ನಾನು ಬಂದು ಮಲಗಿದೆ. ಗುರುವಾರ ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿಗೆ ಹೋಗಿ ಆಸಾರಿಯವರಿಗೆ ಫೋನ್ ಮಾಡಿದೆ. ನನ್ನ ತಮಿಳಿನಲ್ಲಿ ಇದನ್ನು ಕೇಳುವುದು ಸುಲಭವಿರಲಿಲ್ಲ. ಮಂಚ ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಅದೇ ತೊಂದರೆ, ಸ್ವಲ್ಪ ಸದ್ದು ಬರುವ ಹಾಗೆ ಮಾಡಿಕೊಡಬೇಕು ಎಂದೆ.

ಆ ಕಡೆ ಉಳಿಯ ಸದ್ದು ನಿಂತಿತು. "ಏನು ಬರೋ ಹಾಗೆ?" ಅವರ ತಮಿಳನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ, "ಅಮ್ಮಾ, ನಲವತ್ತು ವರ್ಷದಿಂದ ಸದ್ದು ನಿಲ್ಲಿಸೋಕೆ ಕರೀತಾರೆ. ಸದ್ದು ಹಾಕೋಕೆ ಕರೆದೋರು ನೀವೊಬ್ಬರೇ. ನಮ್ಮಪ್ಪ ಕೇಳಿದರೆ ಉಳಿ ಎತ್ತಿ ಎಸೀತಾರೆ" ಎಂದರು. ನಾನು ಸುತ್ತಿ ಬಳಸಿ ಅತ್ತೆ ಬಿದ್ದದ್ದು, ಕೂಗದೆ ಇದ್ದದ್ದು, ಗಂಟೆಯ ಗತಿ, ಎಲ್ಲ ಹೇಳಿದೆ. "ಎಣ್ಣೂರಲ್ಲಿ ಬಾಗಿಲ ಕೆಲಸ ನಡೀತಿದೆ. ಭಾನುವಾರ ಬರ್ತೀನಿ. ಯಾರಿಗೂ ನಾನು ಮಾಡಿದ್ದು ಅನ್ನಬೇಡಿ" ಎಂದರು.

ಶುಕ್ರವಾರ ಮಧ್ಯಾಹ್ನ ನಾನು ಬ್ಯಾಂಕಿಗೆ ಹೋಗಿದ್ದೆ. ಮನೆಯಲ್ಲಿ ಅತ್ತೆ ಒಬ್ಬರೇ. ಬಂದಾಗ ಎಂದಿನಂತೆ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು, ಸ್ವಲ್ಪ ಬೆವತಿದ್ದರು. ಫ್ಯಾನು ಜೋರು ಮಾಡಿದೆ. ಅಷ್ಟೇ.

ನಿನ್ನೆ ಬೆಳಗಿನ ಜಾವ ಕಿರ್ರ್ ಎಂದಿತು.

ಕನಸು ಎಂದುಕೊಂಡೆ. ಆಮೇಲೆ ಕ್ರಮವಾಗಿ ಕಟ್. ಕಾಲು ತಾನೇ ನೆಲಕ್ಕಿಳಿಯಿತು. ಲೈಟು, ಗೀಸರು, ಲೋಟ. ಅತ್ತೆ ಗೋಡೆ ಹಿಡಿದು ಬಂದರು. "ಎದ್ದ್ಯಾ?" "ನೀರು ಕುಡಿಯೋಣ ಅಂತ, ಅತ್ತೆ." ಅವರು ಒಂದು ಕ್ಷಣ ನಿಂತು ನನ್ನನ್ನು ನೋಡಿ ಬಚ್ಚಲಿಗೆ ಹೋದರು.

ಆಮೇಲೆ ಟೀಗೆ ಶುಂಠಿ ಜಜ್ಜಲು ಹೋದರೆ ಗುಂಡುಕಲ್ಲಿಲ್ಲ. ಅದು ಎಲ್ಲಿ ಸಿಕ್ಕಿತೆಂದು ಮೊದಲೇ ಹೇಳಿದೆ. ಆಗಲೂ ನನ್ನ ಮಂದ ತಲೆಗೆ ಹೊಳೆಯಲಿಲ್ಲ. ಗುಡಿಸಲು ಮಂಚದ ಕೆಳಗೆ ತಲೆ ಹಾಕಿದಾಗಲೇ ಕಂಡದ್ದು: ಎರಡರ ಮನೆಯಲ್ಲಿ ಮೂರು ಕೂತಿದೆ, ಒಂದಂಗುಲ ಮೇಲೆ. ಮೂರರ ಮನೆಯಲ್ಲಿ ಎರಡು, ಸಡಿಲವಾಗಿ. ಇಂಜಿನಿಯರು ಜೋಡಿಸಿದ ಹಾಗೆಯೇ. ಮಂಚದ ಪಕ್ಕದಲ್ಲಿ ಅಡುಗೆಮನೆಯ ಗಿಡ್ಡ ಸ್ಟೂಲು. ಮುರಿದು ಕೂಡಿದ ಮಣಿಕಟ್ಟು, ಎಂಬತ್ತೊಂದು ವರ್ಷ, ಒಂದು ಗುಂಡುಕಲ್ಲು. ಆ ಸ್ಟೂಲಿನ ಮೇಲೆ ಕೂತು ಎಷ್ಟು ಹೊತ್ತು ಬಡಿದರೋ.

ನಾನು ಕಸಬರಿಗೆ ಹಿಡಿದು ಹಾಗೆಯೇ ಎದ್ದು ಬಂದೆ. ಆಸಾರಿಯವರಿಗೆ ಫೋನ್ ಮಾಡಿ ಬೇಡವೆಂದೆ. "ಯಾರು ಮಾಡಿದ್ರು?" ಎಂದು ಪೈಪೋಟಿಯವರ ಹಾಗೆ ಕೇಳಿದರು. ಮನೆಯಲ್ಲೇ ಒಬ್ಬರು ಆಸಾರಿ ಇದ್ದಾರೆ ಎಂದೆ.

ಸಂಜೆ ಮೂಲಂಗಿ ಹೆಚ್ಚುತ್ತಾ ಕೂತಿದ್ದೆ. ಅತ್ತೆ ಬಂದು ಎದುರಿಗೆ ಕೂತರು. ನಾನೇ ಶುರುಮಾಡಿದೆ.

"ಅತ್ತೆ, ಮಂಚ ಮತ್ತೆ ಸದ್ದು ಮಾಡ್ತಿದೆ."

"ಹೌದಾ?"

"ಬೆಣೆ ಅದಲುಬದಲಾಗಿದೆ."

"ನಂಗೇನು ಗೊತ್ತಮ್ಮ. ಎರಡಕ್ಕೂ ಮೂರಕ್ಕೂ ಒಂದು ಬಾಲ ತಾನೇ ವ್ಯತ್ಯಾಸ. ಅದರಲ್ಲೂ ಕಣ್ಣು ಮಂಜು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹೇಳಿದರು: "ಆರು ವರ್ಷದಿಂದ ಗೊತ್ತು ಕಣೇ. ಅವನು ಬೆವರು ಸುರಿಸಿ ಜೋಡಿಸಿದ್ದ, ತಪ್ಪು ಅಂತ ಹೇಗೆ ಹೇಳಲಿ? ಅದಿರಲಿ. ದಿನಾ ನಾಲ್ಕೂವರೆಗೇ ಸರಿಯಾಗಿ ಬಾಯಾರಿಕೆ ಆಗೋ ಹೆಂಗಸನ್ನ ನಾನು ಇನ್ನೆಲ್ಲೂ ನೋಡಿಲ್ಲ."

ನಾನು ಇನ್ನೊಂದು ಮೂಲಂಗಿ ಎತ್ತಿಕೊಂಡೆ.

"ನಿನ್ನ ನಿದ್ದೆ ಉಳೀಲಿ ಅಂತ ಸರಿಮಾಡಿಸು ಅಂದೆ. ನೋಡಿದ್ರೆ ಇದ್ದ ನಿದ್ದೇನೂ ಹೋಯ್ತು. ಕಣ್ಣ ಕೆಳಗೆ ನೋಡು, ಬದನೆಕಾಯಿ ಸುಟ್ಟ ಹಾಗಿದೆ." ಒಂದು ಹೋಳು ಮೂಲಂಗಿ ಎತ್ತಿ ತಿರುಗಿಸಿ ನೋಡಿದರು. "ಕೂಗೋದು ನಂಗೆ ಬರಲ್ಲ ಕಣಮ್ಮ. ಮೊದಲಿಂದ್ಲೂ ಬರಲ್ಲ. ಮಂಚ ಕೂಗಲಿ ಬಿಡು."

ಆಮೇಲೆ ಹೋಳನ್ನು ತಟ್ಟೆಗೆ ಹಾಕಿ, "ಇದೇನು, ಇವತ್ತು ಎಲ್ಲ ಚೌಕ?" ಎಂದರು.

ಚೈತ್ರಳಿಗೆ ಮೀಟಿಂಗಿನ ಹೊತ್ತಿಗೆ ಹಾಲ್‌ನಲ್ಲಿ ಕೂರು ಎಂದಿದ್ದೇವೆ. ಇವರಿಗೆ ಏನೂ ಹೇಳಿಲ್ಲ. ಊಟದ ಹೊತ್ತಿಗೆ ಕಿರ್ರ್ ಕೇಳಿ, "ನೋಡಿದ್ರಾ, ಆ ಆಸಾರಿ ಕೆಲಸ ಒಂದು ವಾರಾನೂ ಬರಲಿಲ್ಲ. ನಾನು ಜೋಡಿಸಿದ್ದು ಆರು ವರ್ಷ ಇತ್ತು" ಎಂದರು. ಅತ್ತೆ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ.

ರಾತ್ರಿ ರಾಗಿಮುದ್ದೆ, ಮೂಲಂಗಿ ಹುಳಿ, ನುಗ್ಗೆಸೊಪ್ಪಿನ ಪಲ್ಯ. ಇವರಿಗೆ ಅನ್ನ, ಚೈತ್ರಳಿಗೆ ಅದೇ ಹುಳಿಗೆ ದೋಸೆ. ಅತ್ತೆ ಎರಡನೇ ಸಲ ಹುಳಿ ಹಾಕಿಸಿಕೊಂಡರು. ಮೊದಲು ಮಲಗಿದ್ದು ಯಾರೆಂದು ನನಗೆ ಗೊತ್ತಿಲ್ಲ; ಅತ್ತೆ ಬೆಳಿಗ್ಗೆ ಹೇಳಿದ ಪ್ರಕಾರ, ಗಿರಿಜ.